ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಕಾಲೇಜು ಬಾಸ್ಕೆಟ್‌ಬಾಲ್ ಸೀಸನ್ ನವೆಂಬರಿಂದ ಮಾರ್ಚ್‌ವರೆಗೂ ಕೂತು ನೋಡೋರು ಯಾರಿದ್ದೀರಾ? ಎನ್‌ಸಿ ಸ್ಟೇಟ್ ಬಗ್ಗೆ ಸ್ವಲ್ಪ ಹೇಳಿ

ದಾವಣಗೆರೆ_ಮೋರಿಸ್‌ವಿಲ್

ಎಲ್ಲರಿಗೂ ನಮಸ್ಕಾರ. ನಾವಿರೋದು ನಾರ್ತ್ ಕ್ಯಾರೊಲೈನಾದ ಮೋರಿಸ್‌ವಿಲ್‌ನಲ್ಲಿ. ಮಗಳು 2025ರ ಈ ಆಗಸ್ಟಲ್ಲಿ ರಾಲಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿ, ಅಂದ್ರೆ ಎನ್‌ಸಿ ಸ್ಟೇಟ್ ಸೇರಿದ್ಲು. ಇಷ್ಟು ವರ್ಷ ನಮ್ಮನೇಲಿ ಕ್ರಿಕೆಟ್ ಬಿಟ್ರೆ ಬೇರೆ ಆಟದ ಮಾತೇ ಇರ್ಲಿಲ್ಲ, ಮಾರ್ಚ್ ಬಂದ್ರೆ ಆಫೀಸಲ್ಲಿ ಎಲ್ರೂ ಬ್ರಾಕೆಟ್ (ಯಾವ ಮ್ಯಾಚ್ ಯಾರು ಗೆಲ್ತಾರೆ ಅನ್ನೋ ಊಹೆ ಪಟ್ಟಿ) ತುಂಬ್ತಾರೆ, ನಾನೂ ಒಂದು ತುಂಬಿ ಕೊಡ್ತಿದ್ದೆ, ಅಲ್ಲಿಗೆ ಮುಗೀತು. ಈಗ ಮಗಳ ರೂಮ್‌ಮೇಟ್ಸ್ ಎಲ್ಲ ಬಾಸ್ಕೆಟ್‌ಬಾಲ್ ಹುಚ್ಚಿನವರು, ಇವಳಿಗೂ ಹಿಡ್ಕೊಂಡಿದೆ, "ಅಪ್ಪಾ ಈ ಸಲ ಮಾರ್ಚ್‌ಗೆ ಕಾಯೋದು ಬೇಡ, ಮೊದಲ ಮ್ಯಾಚಿಂದಾನೇ ಒಟ್ಟಿಗೆ ನೋಡೋಣ" ಅಂದಿದ್ದಾಳೆ. ಈ ವಯಸ್ಸಲ್ಲಿ ಮಗಳು ತಾನಾಗೇ ಅಪ್ಪನ ಜತೆ ಕೂತು ನೋಡ್ತೀನಿ ಅಂದಾಗ ಯಾರು ಬೇಡ ಅಂತಾರೆ, ಹಾಗಾಗಿ ನೆಟ್ಟಗೆ ತಿಳ್ಕೊಂಡು ನೋಡೋಣ ಅಂತ.

ಆದ್ರೆ ಓದ್ತಾ ಹೋದ್ರೆ ತಲೆ ಕೆಡ್ತಿದೆ. ಕಾನ್ಫರೆನ್ಸ್ ಅಂತ ಒಂದು ಟೇಬಲ್, ಅದು ಮುಗಿದ್ಮೇಲೆ ಅದೇ ಟೀಮ್‌ಗಳಿಗೆ ಇನ್ನೊಂದು ಟೂರ್ನಮೆಂಟ್, ಅದಾದ್ಮೇಲೆ ದೇಶದ ಎಲ್ಲ ಕಾನ್ಫರೆನ್ಸ್ ಸೇರಿಸಿ 68 ಟೀಮ್‌ದು ದೊಡ್ಡ ಎನ್‌ಸಿಎಎ ಟೂರ್ನಮೆಂಟ್. ಹಾಗಾದ್ರೆ ಜನವರಿ ಫೆಬ್ರವರೀಲಿ ಮಂಗಳವಾರ ರಾತ್ರಿ ಆಡೋ ಮ್ಯಾಚ್‌ಗೆ ಏನು ಬೆಲೆ? 2024ರಲ್ಲಿ ಎನ್‌ಸಿ ಸ್ಟೇಟ್ ಲೀಗಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿಯಂತೆ, ಆದ್ರೂ ಆ ದೊಡ್ಡ ಟೂರ್ನಮೆಂಟಿನ ಕೊನೇ ನಾಲ್ಕು, ಅಂದ್ರೆ ಫೈನಲ್ ಫೋರ್‌ಗೆ ಹೋದ್ರಂತೆ, ಮರು ವರ್ಷ ಎಸಿಸಿ ಟೂರ್ನಮೆಂಟ್‌ಗೇ ಎಂಟ್ರಿ ಸಿಗ್ಲಿಲ್ಲವಂತೆ, ಇದು ಹೇಗೆ? ಮತ್ತೆ ಹೆಸರು ಅಟ್ಲಾಂಟಿಕ್ ಕೋಸ್ಟ್, ಟೀಮ್ ಪಟ್ಟೀಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಇದೆ. ಗೊತ್ತಿರೋರು ಬಿಡಿಸಿ ಹೇಳಿ, ಉದ್ದ ಆದ್ರೂ ಪರವಾಗಿಲ್ಲ, ಓದ್ತೀನಿ.

ರಾಲಿಯಿಂದ_ಮಲ್ಲೇಶ್ವರ

ಸರ್, ಸರಿಯಾದ ಮನೆಗೇ ಬಂದಿದ್ದೀರಿ, ಮಗಳಿಗೆ ಸ್ವಾಗತ ಹೇಳಿ. ನಾನು ಎಂ.ಎಸ್. ಮಾಡಿದ್ದು ಎನ್‌ಸಿ ಸ್ಟೇಟಲ್ಲೇ, ಈಗ ಬೆಂಗಳೂರಿಗೆ ವಾಪಸ್ ಬಂದು ಸುಮಾರು ವರ್ಷ ಆಯ್ತು, ಆದ್ರೆ ಒಂದು ಸೀಸನ್ನೂ ಬಿಟ್ಟಿಲ್ಲ.

ಮೊದಲು ಕಾನ್ಫರೆನ್ಸ್ ಅಂದ್ರೇನು ಅನ್ನೋದು. ಹಳೇ ರಣಜಿ ನೆನಪಿದೆಯಲ್ಲ, ಸೌತ್ ಝೋನಲ್ಲಿ ಕರ್ನಾಟಕ, ತಮಿಳ್ನಾಡು, ಹೈದರಾಬಾದು, ಕೇರಳ, ಆಂಧ್ರ ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡ್ಕೊಂಡು ಆಮೇಲೆ ನಾಕೌಟಿಗೆ ಹೋಗ್ತಿದ್ರು. ಎಸಿಸಿ ಅಂದ್ರೆ ಅಂಥ ಒಂದು ಝೋನು. ಆಗಿನ ಕಾಲದಲ್ಲಿ ಬಾಂಬೆ ಜತೆ ಫೈನಲ್ ಎಷ್ಟು ಮುಖ್ಯಾನೋ ತಮಿಳ್ನಾಡು ಮ್ಯಾಚೂ ಅಷ್ಟೇ ಮುಖ್ಯ ಆಗಿತ್ತಲ್ಲ, ಯಾಕಂದ್ರೆ ಅವರು ಪಕ್ಕದವರು, ಹೋದ ವರ್ಷದ್ದು ಬಾಕಿ ಇರುತ್ತೆ, ಮುಂದಿನ ವರ್ಷ ಮತ್ತೆ ಮುಖ ನೋಡ್ಬೇಕು. ಇಲ್ಲಂತೂ ಸ್ಟೇಟ್ ಇರೋ ರಾಲಿ, ಡ್ಯೂಕ್ ಇರೋ ಡರ್ಹಂ, ಕ್ಯಾರೊಲೈನಾ (ಯುಎನ್‌ಸಿ) ಇರೋ ಚಾಪೆಲ್ ಹಿಲ್ ಮೂರೂ ಅರ್ಧ ಮುಕ್ಕಾಲು ಗಂಟೆ ಕಾರ್ ದಾರಿ, ಮೂರೂರಿನ ಕಾಲೇಜೂ ಎನ್‌ಸಿಎಎ ಚಾಂಪಿಯನ್ ಆಗಿರೋವೇ. ನಿಮ್ಮ ಆಫೀಸಲ್ಲೇ ಮೂರು ಕಡೆಯವರೂ ಇರ್ತಾರೆ ನೋಡಿ. ಮಂಗಳವಾರ ರಾತ್ರಿ ಸೋತ್ರೆ ಬುಧವಾರ ಬೆಳಿಗ್ಗೆ ಅವರ ಎದುರು ಕಾಫಿ ಕುಡೀಬೇಕು, ಮಂಗಳವಾರದ ಮ್ಯಾಚಿನ ಬೆಲೆ ಅಲ್ಲೇ ಗೊತ್ತಾಗುತ್ತೆ.

ಈಗ 2024ರ ಕಥೆ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಲೀಗಲ್ಲಿ 9 ಗೆಲುವು 11 ಸೋಲು, ಕೊನೇ ನಾಲ್ಕು ಮ್ಯಾಚ್ ಸಾಲಾಗಿ ಸೋಲು, ಟೇಬಲಲ್ಲಿ 10ನೇ ಜಾಗ. ದೊಡ್ಡ ಟೂರ್ನಮೆಂಟಿಗೆ ಟೀಮ್ ಆರಿಸೋ ಕಮಿಟಿಯವರು ಕರೆಯೋ ಪ್ರಶ್ನೇನೇ ಇರ್ಲಿಲ್ಲ. ಉಳಿದಿದ್ದು ಒಂದೇ ದಾರಿ, ಎಸಿಸಿ ಟೂರ್ನಮೆಂಟ್ ಗೆದ್ದೋರಿಗೆ ಸೀಟು ಗ್ಯಾರಂಟಿ, ಆದ್ರೆ 10ನೇ ಜಾಗದಿಂದ ಅದನ್ನ ಗೆಲ್ಬೇಕಾದ್ರೆ ಐದು ದಿನದಲ್ಲಿ ಐದು ಮ್ಯಾಚ್ ಗೆಲ್ಬೇಕು. ವಾಷಿಂಗ್ಟನ್ ಡಿಸಿಯಲ್ಲಿ ನಡೀತು. ಮಂಗಳವಾರ ಲೂಯಿವಿಲ್, ಬುಧವಾರ ಸಿರಾಕ್ಯೂಸ್, ಗುರುವಾರ ಡ್ಯೂಕ್. ಶುಕ್ರವಾರ ಸೆಮಿಫೈನಲಲ್ಲಿ ವರ್ಜೀನಿಯಾ ಮೂರು ಪಾಯಿಂಟ್ ಮುಂದೆ, ಕೆಲವೇ ಸೆಕೆಂಡ್ ಬಾಕಿ, ಅವರಿಗೇ ಫ್ರೀ ಥ್ರೋ. ಅದು ಒನ್ ಅಂಡ್ ಒನ್, ಅಂದ್ರೆ ಮೊದಲನೇದು ಹಾಕಿದ್ರೆ ಮಾತ್ರ ಎರಡನೇದು ಸಿಗುತ್ತೆ. ಮೊದಲನೇದೇ ಮಿಸ್ ಆಯ್ತು. ನಮ್ಮ ಮೈಕಲ್ ಓಕಾನೆಲ್ ಬಾಲ್ ಹಿಡ್ಕೊಂಡು ಓಡ್ಬಂದು ದೂರದಿಂದ ಎಸೆದ, ಬಝರ್ ಆಯ್ತು, ಬಾಲ್ ಬೋರ್ಡಿಗೆ ತಾಗಿ ರಿಂಗ್ ಮೇಲೆ ಸುತ್ತಾಡಿ ಒಳಗೆ ಬಿತ್ತು. 58-58. ನಮ್ಮಲ್ಲಿ ಆಗ ಶನಿವಾರ ಬೆಳಿಗ್ಗೆ, ನಾನು ಕಿರುಚಿದ ರಭಸಕ್ಕೆ ಕೆಳಗಿನ ಮನೆಯವರು ಯಾರಿಗೋ ಏನೋ ಆಗಿದೆ ಅಂತ ಮೇಲೆ ಬಂದ್ರು. ಓವರ್‌ಟೈಮಲ್ಲಿ ಗೆದ್ವಿ, ಶನಿವಾರ ಫೈನಲಲ್ಲಿ ಕ್ಯಾರೊಲೈನಾನ 84-76. 1987 ಆದ್ಮೇಲೆ ಮೊದಲ ಎಸಿಸಿ ಕಪ್ ಸರ್ ಅದು! ಅಲ್ಲಿಂದ ಎನ್‌ಸಿಎಎಗೆ 11ನೇ ಸೀಡ್ ಆಗಿ ಹೋಗಿ ಟೆಕ್ಸಸ್ ಟೆಕ್, ಓಕ್‌ಲ್ಯಾಂಡ್, ಮಾರ್ಕೆಟ್ (Marquette), ಮತ್ತೆ ಡ್ಯೂಕ್, ನಾಲ್ಕೂ ಗೆದ್ದು ಫೈನಲ್ ಫೋರ್. ಅಲ್ಲಿ ಪರ್ಡ್ಯೂ ಕೈಲಿ ಸೋತ್ವಿ.

ಮರು ವರ್ಷ ಏನಾಯ್ತು ಅಂದ್ರೆ ಡಿಜೆ ಬರ್ನ್ಸ್, ಡಿಜೆ ಹಾರ್ನ್, ಕೇಸಿ ಮೋರ್ಸೆಲ್ ಎಲ್ಲ ಕಾಲೇಜು ಮುಗಿಸಿ ಹೋದ್ರು, ಆ ಜಾಗ ತುಂಬ್ಲೇ ಇಲ್ಲ. ಲೀಗಲ್ಲಿ 5 ಗೆಲುವು 15 ಸೋಲು. ಆಗಷ್ಟೇ ಸ್ಟ್ಯಾನ್‌ಫರ್ಡ್, ಕ್ಯಾಲ್, ಎಸ್‌ಎಂಯು ಸೇರಿ 18 ಟೀಮ್ ಆಗಿತ್ತು, ಟೂರ್ನಮೆಂಟಿಗೆ ಮೊದಲ 15 ಮಾತ್ರ ಅಂತ ರೂಲ್ ಬಂತು. ಹಿಂದಿನ ವರ್ಷದ ಚಾಂಪಿಯನ್ ನಾವೇ ಹೊರಗೆ ನಿಂತ್ವಿ. ಕೋಚ್ ಕೆವಿನ್ ಕೀಟ್ಸ್ ಅವರನ್ನ ಆ ಮಾರ್ಚಲ್ಲೇ ತೆಗೆದ್ರು, ಮೆಕ್ನೀಸ್‌ನಿಂದ ವಿಲ್ ವೇಡ್ ಬಂದ್ರು. ಈ ಸಲ (2025-26) ಹೆಚ್ಚುಕಮ್ಮಿ ಪೂರ್ತಿ ಹೊಸ ಟೀಮು, ಹಾಗಾಗಿ ನೀವು ಮೊದಲಿಂದ ನೋಡೋಕೆ ಶುರು ಮಾಡೋಕೆ ಇದಕ್ಕಿಂತ ಒಳ್ಳೇ ವರ್ಷ ಇಲ್ಲ, ನಮಗೂ ಬಹಳಷ್ಟು ಜನ ಹೊಸಬರೇ.

ಸಾಗರದ_ಟಾರ್‌ಹೀಲ್

ಮೇಲಿನವರು ಹೇಳಿದ್ದೆಲ್ಲ ನಿಜ, 84-76 ಅಂತ ಬರೆಯೋದೊಂದು ಬಿಟ್ಟಿದ್ರೆ ಚೆನ್ನಾಗಿತ್ತು, ನನಗಿನ್ನೂ ನೋವಿದೆ. ನಾನು ಚಾಪೆಲ್ ಹಿಲ್‌ನಲ್ಲಿ ಕೆಲಸ ಮಾಡೋದು, ಕ್ಯಾರೊಲೈನಾ ಕಡೆಯವಳು. ಸರ್ ನಿಮಗೆ ಸ್ವಲ್ಪ ಹಳೇದು ಹೇಳ್ತೀನಿ, ಇದು ಗೊತ್ತಿಲ್ಲದೆ ನೋಡಿದ್ರೆ ಇಲ್ಲಿನ ಹಿರಿಯರು ಯಾಕೆ ಅಷ್ಟು ಭಾವುಕರಾಗ್ತಾರೆ ಅಂತ ಅರ್ಥ ಆಗಲ್ಲ.

1953ರಲ್ಲಿ ಏಳು ಕಾಲೇಜು ಸೇರಿ ಎಸಿಸಿ ಶುರು ಮಾಡಿದ್ದು, ಅದೇ ವರ್ಷದ ಕೊನೇಲಿ ವರ್ಜೀನಿಯಾ ಸೇರಿ ಎಂಟಾಯ್ತು. ಆಗೆಲ್ಲ ಎನ್‌ಸಿಎಎಗೆ ಒಂದು ಕಾನ್ಫರೆನ್ಸಿಂದ ಒಂದೇ ಟೀಮು, ಎಸಿಸಿಯವರು ಅದನ್ನ ಟೇಬಲ್ ಟಾಪರ್‌ಗೆ ಕೊಡ್ತಿರ್ಲಿಲ್ಲ, ಕೊನೇ ಮೂರು ದಿನದ ಟೂರ್ನಮೆಂಟ್ ಗೆದ್ದೋರಿಗೇ ಕೊಡ್ತಿದ್ರು. ಇಡೀ ವರ್ಷ ಗೆದ್ದು ಆ ಒಂದು ದಿನ ಸೋತ್ರೆ ಮನೆಗೆ. 1974ರ ಫೈನಲ್ ಎನ್‌ಸಿ ಸ್ಟೇಟ್ ಮತ್ತೆ ಮೇರಿಲ್ಯಾಂಡ್ ಮಧ್ಯೆ, ಎರಡೂ ದೇಶದ ಟಾಪ್ ಟೀಮು, ಓವರ್‌ಟೈಮಲ್ಲಿ 103-100, ಸ್ಟೇಟ್ ಗೆದ್ದು ಆ ವರ್ಷ ರಾಷ್ಟ್ರೀಯ ಚಾಂಪಿಯನ್ ಆಯ್ತು, ಮೇರಿಲ್ಯಾಂಡ್‌ಗೆ ಎನ್‌ಸಿಎಎ ಬಾಗಿಲೇ ತೆರೀಲಿಲ್ಲ. ಅಂಥ ಟೀಮ್ ಹೊರಗೆ ಉಳೀತಲ್ಲ ಅಂತ ಮರು ವರ್ಷದಿಂದ ಒಂದು ಕಾನ್ಫರೆನ್ಸಿಂದ ಒಂದಕ್ಕಿಂತ ಹೆಚ್ಚು ಟೀಮ್‌ಗೆ ಅವಕಾಶ ಬಂತು. ಇವತ್ತು ಎಲ್ರೂ ತುಂಬೋ ಬ್ರಾಕೆಟ್ ಇಷ್ಟು ದೊಡ್ಡದಾಗಿರೋದರ ಹಿಂದೆ ಆ ರಾತ್ರಿ ಇದೆ. ಶಾಟ್ ಕ್ಲಾಕೂ (ಇಂತಿಷ್ಟು ಸೆಕೆಂಡಲ್ಲಿ ಬಾಲ್ ಎಸೀಲೇಬೇಕು ಅನ್ನೋ ಗಡಿಯಾರ) ಅಷ್ಟೇ, 1982ರ ಎಸಿಸಿ ಫೈನಲಲ್ಲಿ ನಮ್ಮವರು ವರ್ಜೀನಿಯಾ ಎದುರು ಬಾಲ್ ಹಿಡ್ಕೊಂಡು ಟೈಮ್ ಕಳೆದು 47-45ಕ್ಕೆ ಗೆದ್ರು, ನೋಡೋರಿಗೆ ಬೇಸರ ಬಂತು, ಮುಂದಿನ ಸೀಸನಲ್ಲೇ ಎಸಿಸಿ ಶಾಟ್ ಕ್ಲಾಕ್ ಮತ್ತೆ ತ್ರೀ ಪಾಯಿಂಟ್ ಲೈನ್ (ಅದರಾಚೆಯಿಂದ ಹಾಕಿದ್ರೆ ಮೂರು ಪಾಯಿಂಟ್) ಎರಡನ್ನೂ ಪ್ರಯೋಗ ಮಾಡ್ತು. ದೇಶಾದ್ಯಂತ ಅವು ಬಂದಿದ್ದು ಆಮೇಲೆ.

ನನಗೆ ನಿಜವಾಗಿ ಸಂಕಟ ಆಗೋದು ಈಗಿನ ಶೆಡ್ಯೂಲ್ ನೋಡಿದ್ರೆ. ಎಂಟು ಟೀಮಿದ್ದಾಗ ಪ್ರತಿಯೊಬ್ಬರ ಜತೆ ಮನೇಲೊಂದು ಅಲ್ಲೊಂದು, 14 ಮ್ಯಾಚು, ಟೇಬಲಲ್ಲಿ ಮೇಲಿದ್ದೋನು ನಿಜಕ್ಕೂ ಮೇಲೆ. ಫ್ಲೋರಿಡಾ ಸ್ಟೇಟ್ ಬಂದು ಒಂಬತ್ತಾದಾಗ್ಲೂ 16 ಮ್ಯಾಚಲ್ಲಿ ಅದೇ ನಡೀತಿತ್ತು. 2004ರಿಂದ ಒಬ್ಬೊಬ್ಬರೇ ಸೇರ್ತಾ ಹೋಗಿ ಈಗ 18 ಟೀಮು, 2025-26ರ ಈ ಸೀಸನಿಂದ ಕಾನ್ಫರೆನ್ಸ್ ಮ್ಯಾಚ್ 20ರಿಂದ 18ಕ್ಕೆ ಇಳಿಸಿದ್ದಾರೆ, ಹೆಚ್ಚಿನವರ ಜತೆ ಒಂದೇ ಸಲ. ಸ್ಟೇಟ್ ಮತ್ತೆ ನಾವು ವರ್ಷಕ್ಕೆರಡು ಸಲ ಆಡೇ ಆಡ್ತೀವಿ ಅನ್ನೋ ಗ್ಯಾರಂಟಿ ಇಲ್ಲ. ಸ್ಟ್ಯಾನ್‌ಫರ್ಡ್ ಬಂದಿದ್ದು ಯಾಕೆ ಅಂದ್ರೆ ಅವರ ಹಳೇ ಪ್ಯಾಕ್-12 ಕಾನ್ಫರೆನ್ಸ್ ಒಡೆದುಹೋಯ್ತು, ಇದೆಲ್ಲ ಫುಟ್‌ಬಾಲ್ ಟಿವಿ ದುಡ್ಡಿನ ಲೆಕ್ಕ, ಬಾಸ್ಕೆಟ್‌ಬಾಲ್ ಹುಡುಗ್ರು ಅದಕ್ಕೋಸ್ಕರ ಪರೀಕ್ಷೆ ಟೈಮಲ್ಲಿ ಮೂರು ಗಂಟೆ ವ್ಯತ್ಯಾಸದ ಊರಿಗೆ ಹಾರ್ಬೇಕು. ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆದ್ರೂ ನೋಡಿ ಸರ್. ಡೀನ್ ಸ್ಮಿತ್ ಅಂತ ನಮ್ಮ ಕೋಚ್ ಇದ್ರು, 1961ರಿಂದ 1997ರವರೆಗೆ, 879 ಗೆಲುವು. ಬಾಸ್ಕೆಟ್ ಹಾಕಿದ ಹುಡುಗ ಪಾಸ್ ಕೊಟ್ಟವನ ಕಡೆ ಬೆರಳು ತೋರಿಸ್ಬೇಕು ಅಂತ ಅವರು ಕಲಿಸಿದ್ದು. ಈಗ್ಲೂ ಮ್ಯಾಚಲ್ಲಿ ಗಮನಿಸಿ, ಹಾಕಿದವನು ವಾಪಸ್ ಓಡ್ತಾ ಓಡ್ತಾ ಬೆರಳು ತೋರಿಸ್ತಾನೆ. ನಿಮ್ಮ ಮಗಳಿಗೂ ತೋರಿಸಿ.

ಡರ್ಹಂ_ನೀಲಿ

ಡ್ಯೂಕ್ ಕಡೆಯಿಂದ ಒಬ್ಬರಾದ್ರೂ ಬರೀಬೇಕಲ್ಲ. ಜನವರಿ ಮ್ಯಾಚಿಗೆ ಏನು ಬೆಲೆ ಅಂದ್ರಲ್ಲ ಸರ್, ಅದಕ್ಕೆ ಲೆಕ್ಕದ ಉತ್ತರಾನೂ ಇದೆ. ಈಗ (2025-26) 68ರಲ್ಲಿ 31 ಟೀಮ್ ಕಾನ್ಫರೆನ್ಸ್ ಚಾಂಪಿಯನ್ ಆಗಿ ಹೋಗ್ತಾವೆ, ಉಳಿದ 37 ಕಮಿಟಿ ಆರಿಸೋದು. ಅವರು ನೋಡೋದು ನೆಟ್ ಅನ್ನೋ ರ‍್ಯಾಂಕಿಂಗ್ ಮತ್ತೆ ಯಾರನ್ನ ಎಲ್ಲಿ ಸೋಲಿಸಿದ್ರಿ ಅಂತ. ಮನೇಲಿ ಆಡಿದ್ರೆ ಮೊದಲ 30ರೊಳಗಿನ ಟೀಮನ್ನ ಸೋಲಿಸಿದ್ರೆ ಮಾತ್ರ ಟಾಪ್ ದರ್ಜೆ ಗೆಲುವು, ಅವರ ಊರಲ್ಲಿ ಹೋಗಿ ಗೆದ್ರೆ 75ನೇ ರ‍್ಯಾಂಕಿನವರೂ ಆ ಲೆಕ್ಕಕ್ಕೆ ಬರ್ತಾರೆ. ಅಂದ್ರೆ ಕಾನ್ಫರೆನ್ಸ್ ಗಟ್ಟಿ ಇದ್ರೆ ವಾರವಾರ ಅವಕಾಶ, ಸೊರಗಿದ್ರೆ ಎಷ್ಟು ಗೆದ್ರೂ ಬೆಲೆ ಇಲ್ಲ. 2025ರಲ್ಲಿ ಆಗಿದ್ದು ಅದೇ, 18 ಟೀಮಲ್ಲಿ ನಮ್ಮ ಎಸಿಸಿಯಿಂದ ನಾಲ್ಕೇ ಹೋಗಿದ್ದು, ಆ ಕಡೆ ಎಸ್‌ಇಸಿ ಅನ್ನೋ ಇನ್ನೊಂದು ಕಾನ್ಫರೆನ್ಸಿಂದ 16ರಲ್ಲಿ 14! ಡ್ಯೂಕ್ ಫ್ಯಾನ್ ಆಗಿ ಹೇಳ್ತಿದ್ದೀನಿ, ಅಂಥ ವರ್ಷ ಬೇಡ, ಪಕ್ಕದ ಮನೆಯವರು ಬಲವಾಗಿದ್ರೇನೆ ನಮ್ಮ ಗೆಲುವಿಗೂ ತೂಕ. ಅದಕ್ಕೇ ಸ್ಟೇಟ್ ನವೆಂಬರಲ್ಲಿ ಬೇರೆ ಕಾನ್ಫರೆನ್ಸಿನವರ ಮೇಲೆ ಆಡ್ವಾಗ ಗೆಲ್ಲಲಿ ಅಂತ ನಾನೂ ಕೂತು ನೋಡ್ತೀನಿ.

ಆ ಸೀಸನ್ ನಾವು ಲೀಗಲ್ಲಿ 19-1, ಕ್ಲೆಮ್ಸನ್ ಹತ್ರ ಮಾತ್ರ ಸೋಲು, ನಮ್ಮ ಕೂಪರ್ ಫ್ಲ್ಯಾಗ್ ನೋಟ್ರ ಡೇಮ್ ಮೇಲೆ 42 ಹೊಡೆದು ಎಸಿಸಿ ಫ್ರೆಶ್‌ಮನ್ (ಮೊದಲ ವರ್ಷದವರ) ರೆಕಾರ್ಡ್ ಮಾಡಿದ. ಫೈನಲ್ ಫೋರಲ್ಲಿ ಹ್ಯೂಸ್ಟನ್ ಎದುರು ಕೊನೇ ನಿಮಿಷದವರೆಗೂ ಮುಂದಿದ್ದು 70-67ಕ್ಕೆ ಸೋತ್ವಿ. ಜನ ಆ ಕೊನೇ ನಿಮಿಷ ಅಷ್ಟೇ ನೆನಪಿಟ್ಕೊಂಡಿದ್ದಾರೆ. ನಾನು ಜನವರಿ ಫೆಬ್ರವರಿ ಪೂರ್ತಿ ಆ ಹುಡುಗನ ಆಟ ನೋಡಿದ್ದೀನಿ, ಡಿಫೆನ್ಸಲ್ಲಿ ಅವನು ಸುಮ್ಮನೆ ನಿಂತಿದ್ದು ಒಂದು ಸಲಾನೂ ಕಾಣ್ಲಿಲ್ಲ, ನನಗೆ ಆ ಸೀಸನ್ ಅಂದ್ರೆ ಅದು.

ಸಾಧ್ಯ ಆದ್ರೆ ಒಂದ್ಸಲ ನಮ್ಮ ಡ್ಯೂಕ್ ಸ್ಟೇಡಿಯಂ ಕ್ಯಾಮರಾನ್ ಒಳಗೆ ಬನ್ನಿ. 1940ರ ಕಟ್ಟಡ, 9,314 ಸೀಟು ಅಷ್ಟೇ, ಸ್ಟೂಡೆಂಟ್ಸ್ ಕೋರ್ಟಿಗೆ ಅಂಟ್ಕೊಂಡೇ ನಿಂತಿರ್ತಾರೆ, ಗೆರೆಯಾಚೆಯಿಂದ ಬಾಲ್ ಒಳಗೆ ಎಸೆಯೋ ಹುಡುಗನ ಬೆನ್ನು ಅವರ ಕೈಗೆ ಸಿಗೋ ಹಾಗಿರುತ್ತೆ. ಕ್ಯಾರೊಲೈನಾ ಮ್ಯಾಚಿಗೆ ಹುಡುಗ್ರು ವಾರಗಟ್ಟಲೆ ಹೊರಗೆ ಟೆಂಟ್ ಹಾಕ್ಕೊಂಡು ಮಲಗ್ತಾರೆ, ಚಳೀಲಿ.

ದಾವಣಗೆರೆ_ಮೋರಿಸ್‌ವಿಲ್

ಅಬ್ಬಾ, ಇಷ್ಟು ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಲಿಂಕ್ ಕಳಿಸಿದೆ, 1974ರ ವಿಷಯ ಅವಳಿಗೂ ಗೊತ್ತಿರ್ಲಿಲ್ಲ. ಆ ಓಕಾನೆಲ್ ಶಾಟ್ ಯೂಟ್ಯೂಬಲ್ಲಿ ನಾಲ್ಕೈದು ಸಲ ನೋಡಿದೆ, ಮೈ ಜುಮ್ ಅನ್ನುತ್ತೆ. ಇನ್ನೆರಡು ಕೇಳ್ಬಹುದಾ? ಒಂದು, ಮ್ಯಾಚ್ ನೋಡ್ವಾಗ ನನ್ನ ಕಣ್ಣು ಬಾಲ್ ಹಿಂದೆನೇ ಓಡುತ್ತೆ, ಬೇರೆ ಏನು ನೋಡ್ಬೇಕು? ಇನ್ನೊಂದು, ಸ್ಟೇಟ್ ಹುಡುಗಿಯರ ಟೀಮೂ ಚೆನ್ನಾಗಿದೆ ಅಂತ ಮಗಳು ಹೇಳ್ತಿದ್ಲು, ಅದನ್ನ ಯಾರಾದ್ರೂ ಫಾಲೋ ಮಾಡ್ತೀರಾ?

ಮಂಡ್ಯ_ಪಾಯಿಂಟ್‌ಗಾರ್ಡ್

ಅಣ್ಣ, ನಾನು ಕಾಲೇಜಲ್ಲಿ ಮಂಡ್ಯದಲ್ಲಿ ಆಡ್ಕೊಂಡಿದ್ದೋನು, ಈಗ ಷಾರ್ಲಟ್‌ನಲ್ಲಿದ್ದೀನಿ, ನಿಮ್ಮ ಮೊದಲನೇ ಪ್ರಶ್ನೆ ನಂಗೆ ಬುಡಿ.

ಬಾಲ್ ಬುಟ್ಟು ವಸಿ ಹೊತ್ತು ದೊಡ್ಡ ಪ್ಲೇಯರ್‌ನ ನೋಡಣ್ಣ, ರಿಂಗ್ ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತಿರ್ತಾನಲ್ಲ ಅವನನ್ನ. 2024ರ ಡ್ಯೂಕ್ ಮ್ಯಾಚ್ ಪೂರ್ತಿ ಸಿಗುತ್ತೆ, ಡಾಲಸ್‌ದು, ಅದನ್ನ ಹಾಕ್ಕೊಂಡು ಡಿಜೆ ಬರ್ನ್ಸ್ ಒಬ್ಬನ್ನೇ ನೋಡಿ. ಆರಡಿ ಒಂಬತ್ತಿಂಚು, ಭಾರೀ ಮೈಕಟ್ಟು, ಎಗರೋದು ಕಮ್ಮಿ. ಬಾಲ್ ತಗೊಂಡು ಬೆನ್ನಲ್ಲೇ ಒತ್ತಿ ಒತ್ತಿ ಎರಡು ಡ್ರಿಬಲಲ್ಲಿ ಎದುರಾಳೀನ ರಿಂಗ್ ಕೆಳಗೆ ತಳ್ಕೊಂಡ್ ಹೋಗ್ತಾನೆ, ಅಲ್ಲಿ ಭುಜ ಒಂದ್ಕಡೆ ತೋರಿಸಿ ಇನ್ನೊಂದ್ಕಡೆ ತಿರುಗಿ ಎಡಗೈಲಿ ಮೆತ್ತಗೆ ಬುಡ್ತಾನೆ. ಇಬ್ಬರು ಬಂದು ಮುತ್ತಿದ್ರೆ ತಲೆ ಮೇಲಿಂದ ಆಚೆ ಮೂಲೇಲಿ ಖಾಲಿ ನಿಂತಿರೋನ್ಗೆ ಪಾಸು. ಡಿಫೆನ್ಸ್‌ನೋರ್ಗೆ ಎರಡೂ ಕಷ್ಟ. ಹಾಫ್‌ಟೈಮಲ್ಲಿ ಡ್ಯೂಕ್ 27-21 ಮುಂದಿತ್ತು, ಎರಡನೇ ಹಾಫಲ್ಲಿ ಸ್ಟೇಟ್ 55 ಪಾಯಿಂಟ್ ಹೊಡೀತು ಅಣ್ಣ! ಬರ್ನ್ಸ್ ಒಬ್ಬಂದೇ 29. ನಾನು ಯಾವ ಕಡೆಯೋನೂ ಅಲ್ಲ, ಆದ್ರೆ ಅಷ್ಟು ಚೆಂದಾಗಿ ಬೆನ್ನಾಟ ಆಡೋರು ಈಗ ಸಿಗೋದು ಅಪರೂಪ, ಎಲ್ಲಾರೂ ಹೊರಗಿಂದ ತ್ರೀ ಹೊಡೆಯೋರೇ.

ಇನ್ನೊಂದು ನೋಡ್ಬೇಕಾದ್ದು ಫೌಲ್ ಲೆಕ್ಕ. ಒಂದು ಹಾಫಲ್ಲಿ ಎದುರು ಟೀಮ್ ಏಳು ಫೌಲ್ ಮಾಡ್ತಿದ್ದಂಗೆ ಒನ್ ಅಂಡ್ ಒನ್ ಶುರು, ಹತ್ತಾದ್ರೆ ಎರಡೂ ಫ್ರೀ ಥ್ರೋ ಗ್ಯಾರಂಟಿ. ಒಬ್ಬ ಪ್ಲೇಯರ್‌ಗೆ ಐದು ಫೌಲ್ ಆದ್ರೆ ಹೊರಗೆ. ಹಂಗಾಗಿ ಮೊದಲ ಹಾಫಲ್ಲಿ ಮುಖ್ಯ ಪ್ಲೇಯರ್‌ಗೆ ಎರಡಾಗ್ತಿದ್ದಂಗೆ ಕೋಚ್ ಬೆಂಚಿಗೆ ಕರ್ಕೊಂಡು ಕೂರಿಸ್ತಾನೆ. ಆ ಎಂಟ್ಹತ್ತು ನಿಮಿಷ ಬದಲಿ ಹುಡುಗ್ರು ಹೆಂಗ್ ತಡ್ಕತಾರೆ ಅನ್ನೋದೇ ಎಷ್ಟೋ ಕಾನ್ಫರೆನ್ಸ್ ಮ್ಯಾಚಿನ ಹಣೆಬರಹ. ಟಿವೀಲಿ ಅದನ್ನ ಜಾಸ್ತಿ ಹೇಳಲ್ಲ, ನೀವೇ ಕಣ್ಣಿಟ್ಟಿರ್ಬೇಕು.

ರೆನಾಲ್ಡ್ಸ್_ಖಾಯಂ

ಹುಡುಗಿಯರ ಟೀಮ್ ಬಗ್ಗೆ ಯಾರೂ ಬರೆಯದೆ ಇದ್ದಿದ್ರೆ ನನಗೆ ಬೇಜಾರಾಗ್ತಿತ್ತು. ನಾವು ಕ್ಯಾರಿಯಲ್ಲಿರೋದು, ನನ್ನ ಇಬ್ಬರು ಮಕ್ಕಳನ್ನೂ ಕರ್ಕೊಂಡು ರೆನಾಲ್ಡ್ಸ್ ಕೊಲಿಸಿಯಂಗೆ ಹೋಗ್ತೀನಿ. ಗಂಡು ಹುಡುಗರ ಮ್ಯಾಚ್ ನಡೆಯೋದು ಆ ಕಡೆ ಲೆನೊವೊ ಸೆಂಟರಲ್ಲಿ, ಹಾಕಿ ಟೀಮಿನ ಜತೆ ಹಂಚಿಕೊಂಡಿರೋ ದೊಡ್ಡ ಜಾಗ. ರೆನಾಲ್ಡ್ಸ್ ಕ್ಯಾಂಪಸ್ ಒಳಗೇ ಇದೆ, ಮೊಟ್ಟಮೊದಲ ಎಸಿಸಿ ಟೂರ್ನಮೆಂಟ್ 1954ರಲ್ಲಿ ನಡೆದಿದ್ದು ಅಲ್ಲೇ. ಈಗ ಸುಮಾರು 5,500 ಸೀಟು, ಹಿಂದೆ ಕೂತ್ರೂ ಆಟಗಾರ್ತಿಯರು ಒಬ್ಬರಿಗೊಬ್ಬರು ಕೂಗೋದು, ಶೂ ಕಿರ್ ಅನ್ನೋದು ಎಲ್ಲ ಕೇಳ್ಸುತ್ತೆ. ಕೋರ್ಟಿಗೆ ಕೇ ಯೌ ಅವರ ಹೆಸರಿಟ್ಟಿದ್ದಾರೆ, 1975ರಿಂದ 2009ರಲ್ಲಿ ಕ್ಯಾನ್ಸರಲ್ಲಿ ತೀರಿಕೊಳ್ಳೋ ವರ್ಷದವರೆಗೂ ಕೋಚ್ ಆಗಿದ್ದವರು.

ಈಗಿನ ಕೋಚ್ ವೆಸ್ ಮೂರ್ ಕಾಲದಲ್ಲಿ 2020, 2021, 2022 ಸಾಲಾಗಿ ಮೂರು ಎಸಿಸಿ ಕಪ್. ಮತ್ತೆ 2024ರ ಮಾರ್ಚ್ 31, ಈಸ್ಟರ್ ಭಾನುವಾರ, ಅದನ್ನ ಈ ಊರಲ್ಲಿದ್ದವರು ಮರೆಯೋಕಾಗಲ್ಲ. ಮಧ್ಯಾಹ್ನ ಪೋರ್ಟ್‌ಲ್ಯಾಂಡಲ್ಲಿ ಹುಡುಗಿಯರು ಟೆಕ್ಸಸ್ ಮೇಲೆ 76-66, ಸಂಜೆ ಡಾಲಸಲ್ಲಿ ಹುಡುಗರು ಡ್ಯೂಕ್ ಮೇಲೆ, ಒಂದೇ ದಿನ ಎರಡೂ ಟೀಮ್ ಫೈನಲ್ ಫೋರ್‌ಗೆ! ಪೋರ್ಟ್‌ಲ್ಯಾಂಡಲ್ಲಿ ಮ್ಯಾಚ್ ಶುರುವಾಗೋಕೆ ಸ್ವಲ್ಪ ಮುಂಚೆ ಗೊತ್ತಾಯ್ತು, ಕೋರ್ಟಿನ ಎರಡು ತುದಿಯ ತ್ರೀ ಪಾಯಿಂಟ್ ಲೈನ್ ಒಂದೇ ದೂರದಲ್ಲಿಲ್ಲ ಅಂತ. ಅಳತೆ ಟೇಪ್ ಹಿಡಿದು ನಿಂತ್ರು, ಕೊನೆಗೆ ಇಬ್ಬರು ಕೋಚೂ ಹಾಗೇ ಆಡ್ತೀವಿ ಅಂದ್ರು. ಅಷ್ಟು ದೊಡ್ಡ ಮ್ಯಾಚಲ್ಲಿ ಹುಡುಗಿಯರಿಗೆ ಗೆರೆ ಕೂಡ ಸರಿಯಾಗಿ ಎಳೆಯಲ್ಲ ಅಂದ್ರೆ ಏನು ಹೇಳ್ಬೇಕು, ಈಗ್ಲೂ ಸಿಟ್ಟು ಬರುತ್ತೆ. ಆ ಟೀಮಿನ ಸನಿಯಾ ರಿವರ್ಸ್, ಅಜಾಯಾ ಜೇಮ್ಸ್ ಇಬ್ಬರೂ 2025ರಲ್ಲಿ ಡಬ್ಲ್ಯುಎನ್‌ಬಿಎ (ಮಹಿಳೆಯರ ಪ್ರೊಫೆಷನಲ್ ಲೀಗ್) ಡ್ರಾಫ್ಟಿನ ಮೊದಲ ರೌಂಡಲ್ಲೇ ಆಯ್ಕೆಯಾದ್ರು. ನನ್ನ ಚಿಕ್ಕ ಮಗಳು ರಿವರ್ಸ್ ನೋಡಿನೇ ಕೋರ್ಟಿಗೆ ಇಳಿದಿದ್ದು.

ಸರ್, ನಿಮ್ಮ ಮಗಳಿಗೆ ರೆನಾಲ್ಡ್ಸ್ ನಡ್ಕೊಂಡ್ ಹೋಗೋ ದೂರ. ಒಂದು ಭಾನುವಾರ ಮಧ್ಯಾಹ್ನದ ಮ್ಯಾಚಿಗೆ ಇಬ್ಬರೂ ಬನ್ನಿ.

ಸಾಗರದ_ಟಾರ್‌ಹೀಲ್

ರೆನಾಲ್ಡ್ಸ್ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕ್ಯಾರೊಲೈನಾ ಹುಡುಗಿಯರ ಮ್ಯಾಚಿಗೆ ಕಾರ್ಮೈಕಲ್‌ಗೆ ಹೋಗ್ತೀನಿ, ಅದೂ ಹಳೇ ಚಿಕ್ಕ ಅಖಾಡ, ಅಲ್ಲೂ ಇದೇ ಥರ.

ಒಂದು ಸೇರಿಸ್ತೀನಿ. ಈಗ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಬಂದು ಪ್ಲೇಯರ್ಸ್ ವರ್ಷವರ್ಷ ಕಾಲೇಜು ಬದಲಾಯಿಸ್ತಾರೆ, 2021ರಿಂದ ಜಾಹೀರಾತಿಗೆ ತಮ್ಮ ಹೆಸರು ಕೊಟ್ಟು ದುಡ್ಡು ತಗೋಬಹುದು, 2025ರ ಜುಲೈಯಿಂದ ಕಾಲೇಜೇ ನೇರವಾಗಿ ಕೊಡ್ಬಹುದು. ಕಳೆದ ಸೀಸನ್ ನಮ್ಮ ಕಡೆ ಆಡಿದ ವೆನ್-ಆಲನ್ ಲೂಬಿನ್ ಈ ಸಲ ನಿಮ್ಮ ಕೆಂಪು ಜರ್ಸೀಲಿ ಬರ್ತಾನೆ, ಅವನಿಗಿದು ನಾಲ್ಕನೇ ಕಾಲೇಜು. ದುಡಿಯೋ ಹುಡುಗ್ರಿಗೆ ದುಡ್ಡು ಸಿಗ್ಬೇಕು, ಅದ್ರಲ್ಲಿ ನನ್ನ ತಕರಾರಿಲ್ಲ. ಆದ್ರೆ ಒಬ್ಬ ಹುಡುಗ ಫ್ರೆಶ್‌ಮನ್ ಆಗಿ ತಡವರಿಸಿದ್ದು, ಮೂರನೇ ವರ್ಷದ ಹೊತ್ತಿಗೆ ಗಟ್ಟಿಯಾಗಿದ್ದು, ಕೊನೇ ಹೋಮ್ ಮ್ಯಾಚಲ್ಲಿ ಅವನಮ್ಮ ಕೋರ್ಟಿಗೆ ಬಂದು ನಿಂತಿದ್ದು, ಇದನ್ನ ನಾಲ್ಕು ವರ್ಷ ನೋಡೋ ಸುಖ ಕಮ್ಮಿ ಆಗ್ತಿದೆ. ಹಾಗಾಗಿ ಸರ್, ಟೀಮಲ್ಲಿ ಉಳ್ಕೊಂಡಿರೋ ಒಬ್ಬ ಹುಡುಗನ್ನ ಹಿಡ್ಕೊಳ್ಳಿ. ಸ್ಟೇಟಲ್ಲಿ ಪಾಲ್ ಮೆಕ್‌ನೀಲ್ ಉಳಿದಿದ್ದಾನೆ, ನಾರ್ತ್ ಕ್ಯಾರೊಲೈನಾದವನೇ, ಒಳ್ಳೇ ಶೂಟರ್. ಅವನನ್ನ ಮೊದಲ ಮ್ಯಾಚಿಂದ ಫಾಲೋ ಮಾಡಿ, ಉಳಿದವರ ಹೆಸರು ತಾನಾಗೇ ಬಾಯಿಗೆ ಬರುತ್ತೆ.

ಮೈಸೂರಿನ_ಅಮ್ಮ

ನಾನು ಹೊಸಬಳು, ಎಲ್ಲ ಓದಿದೆ, ತುಂಬಾ ಖುಷಿ ಆಯ್ತು. ನನ್ನ ಮಗ ರಾಲಿಯಲ್ಲಿ ಓದ್ತಿದ್ದಾನೆ, ಅವನು ನೋಡೋ ಹೊತ್ತಿಗೇ ನಾನೂ ಇಲ್ಲಿಂದ ಸ್ಕೋರ್ ನೋಡ್ಬೇಕು ಅಂತ ಆಸೆ. ಇಲ್ಲಿ ಎಷ್ಟು ಗಂಟೆಗೆ ಬರುತ್ತೆ, ಮುಖ್ಯವಾದ ದಿನಗಳು ಯಾವುವು ಹೇಳ್ತೀರಾ?

ರಾಲಿಯಿಂದ_ಮಲ್ಲೇಶ್ವರ

ಖಂಡಿತ ಅಮ್ಮ, ಇದು ನನ್ನ ದಿನಚರಿನೇ. ಸೀಸನ್ ಶುರು 2025ರ ನವೆಂಬರ್ 3ರ ವಾರ, ಅದಕ್ಕೆ ಒಂದು ದಿನ ಮುಂಚೆ ಅಲ್ಲಿ ಗಡಿಯಾರ ಹಿಂದೆ ಹೋಗುತ್ತೆ, ಹಾಗಾಗಿ ಚಳಿಗಾಲ ಪೂರ್ತಿ ನಾವು ಹತ್ತೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 7ರ ಮ್ಯಾಚ್ ಅಂದ್ರೆ ನಮಗೆ ಮರುದಿನ ಬೆಳಿಗ್ಗೆ 5:30, ಕಾಫಿ ಇಟ್ಕೊಂಡು ಆರಾಮಾಗಿ ನೋಡ್ಬಹುದು. 9ರ ಮ್ಯಾಚ್ ಬೆಳಿಗ್ಗೆ 7:30ಕ್ಕೆ, ಕೆಲಸಕ್ಕೆ ಹೋಗೋರಿಗೆ ಅದೇ ಕಷ್ಟ, ಎರಡನೇ ಹಾಫ್ ನಾನು ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತೀನಿ. ಶನಿವಾರ ಮಧ್ಯಾಹ್ನದ ಮ್ಯಾಚ್ ನಮಗೆ ಶನಿವಾರ ರಾತ್ರಿ, ಅವು ಬಿಡಲೇಬೇಡಿ.

ನವೆಂಬರ್ ಡಿಸೆಂಬರ್ ಬೇರೆ ಕಾನ್ಫರೆನ್ಸಿನವರ ಜತೆ, ಹೊಸ ವರ್ಷದ ಆಸುಪಾಸಿಂದ ಮಾರ್ಚ್ ಮೊದಲ ವಾರದವರೆಗೆ ವಾರಕ್ಕೆ ಎರಡರಂತೆ ಎಸಿಸಿ ಮ್ಯಾಚು. ಎಸಿಸಿ ಟೂರ್ನಮೆಂಟ್ ಷಾರ್ಲಟಲ್ಲಿ 2026ರ ಮಾರ್ಚ್ 10ರಿಂದ 14, ಮೊದಲ 15 ಟೀಮಿಗೆ, ಈ ಸಲ ನಾವು ಅಲ್ಲಿ ಇದ್ದೇ ಇರ್ತೀವಿ. ಮಾರ್ಚ್ 15 ಭಾನುವಾರ 68 ಹೆಸರು ಓದ್ತಾರೆ. ಆದ್ರೆ ಒಂದು ನೆನಪಿಡಿ ಅಮ್ಮ, ಮಾರ್ಚ್ 8ಕ್ಕೆ ಅಲ್ಲಿ ಗಡಿಯಾರ ಮತ್ತೆ ಮುಂದೆ ಹೋಗಿ ವ್ಯತ್ಯಾಸ ಒಂಬತ್ತೂವರೆ ಗಂಟೆ ಆಗುತ್ತೆ, ಷಾರ್ಲಟ್ ವಾರದಲ್ಲಿ ರಾತ್ರಿ 7ರ ಮ್ಯಾಚಿಗೆ ನಾವು ನಾಲ್ಕೂವರೆಗೇ ಎದ್ದಿರ್ಬೇಕು. ಅಲಾರಂ ಬದಲಾಯಿಸ್ಕೊಳ್ಳಿ.